ಮಣ್ಣಾದ ಕೋಟೆಯ ಅಳತೆ

ಹೋದ ತಿಂಗಳು ಗದಗಿನ ನಮ್ಮ ಓಣಿಯಲ್ಲಿ ಒಳಚರಂಡಿ ಕೆಲಸಕ್ಕೆ ಗುರುತು ಹಾಕುವವರು ಬಂದಿದ್ದರು. ನಾನು ಅಂಗಳದಲ್ಲಿ ಶೇಂಗಾ ಆರಿಸುತ್ತ ಕುಳಿತಿದ್ದೆ. ಕಾಂಪೌಂಡಿನ ಆಚೆ ಯಾರೋ ಬಣ್ಣದ ಡಬ್ಬಿ ಅಲುಗಾಡಿಸಿದರು. ಒಳಗಿನ ಗುಂಡು ಕಟಕಟ ಎಂದಿತು, ಆಮೇಲೆ ಬುಸ್ ಎಂಬ ಸದ್ದು, ಅದರ ಹಿಂದೆಯೇ ವಾಸನೆ. ಮೊರ ಅಲ್ಲೇ ಬಿಟ್ಟು ಎದ್ದು ಒಳಗೆ ಹೋದೆ. ಅಡಿಗೆಮನೆಯ ಕಟ್ಟೆ ಹಿಡಿದುಕೊಂಡು ಬಹಳ ಹೊತ್ತು ನಿಂತೆ.

ನಮ್ಮವರು ತೀರಿಕೊಂಡು ಎಂಟು ತಿಂಗಳಾಗಿದೆ. ಅವರ ಅಂಗಿ ಮಡಿಚಿಟ್ಟಾಗ, ಕನ್ನಡಕದ ಡಬ್ಬಿ ಕಂಡಾಗ ಅಳು ಬಂದಿರಲಿಲ್ಲ. ಆ ಕೆಂಪು ಬಣ್ಣದ ವಾಸನೆಗೆ ಬಂತು. ಅದಕ್ಕೆ ಒಮಾನಿನಲ್ಲಿ ಕಳೆದ ಒಂದು ಚಳಿಗಾಲ ಕಾರಣ. ಮಗಳಿಗೆ ಅದು ಅರ್ಧ ಗೊತ್ತು. ಉಳಿದ ಅರ್ಧ ನಮ್ಮಿಬ್ಬರಿಗೇ ಗೊತ್ತಿತ್ತು. ಈಗ ನನಗೊಬ್ಬಳಿಗೆ.

ಅವರು ಮಸ್ಕತ್ತಿನಲ್ಲಿ ರಸ್ತೆ ಕೆಲಸದ ಒಂದು ಕಂಪನಿಯಲ್ಲಿ ಸರ್ವೇಯರ್ ಆಗಿದ್ದರು. ಅದು ಕಚ್ಚಾ ಎಣ್ಣೆಯ ಬೆಲೆ ಬಿದ್ದ ಎರಡನೆಯ ವರ್ಷ. ಮೊದಲ ವರ್ಷ ಜನ ಬರೀ ಮಾತಾಡಿದರು, ಎರಡನೆಯ ವರ್ಷ ಒಬ್ಬೊಬ್ಬರಾಗಿ ಕಾಣೆಯಾಗತೊಡಗಿದರು. ಅಲ್ ಅಜೈಬಾದಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೆ ಪ್ರತಿ ಶುಕ್ರವಾರ ಯಾರದೋ ಸೋಫಾ, ಯಾರದೋ ಫ್ರಿಜ್ಜು ಮಾರಾಟಕ್ಕೆ ನಿಂತಿರುತ್ತಿತ್ತು. ನಾವೂ ಆ ಮನೆ ಬಿಟ್ಟು ವಾದಿ ಕಬೀರಿಗೆ ಬಂದು, ಗ್ಯಾರೇಜುಗಳ ಮೇಲಿನ ಎರಡು ಕೋಣೆಗಳಲ್ಲಿ ಸೇರಿಕೊಂಡೆವು. ಮಗಳು ಅಕ್ಷತಾ ಹತ್ತನೆಯ ಇಯತ್ತೆ. ಕೆಳಗೆ ಡೆಂಟು ತೆಗೆಯುವವರ ಸುತ್ತಿಗೆ ಸದ್ದು, ಮೇಲೆ ಇವಳ ಓದು.

ಅಲ್ಲಿ ಕೆಲಸ ಹೋದರೆ ಮೂವತ್ತು ದಿನದಲ್ಲಿ ದೇಶ ಬಿಡಬೇಕು. ಬೋರ್ಡ್ ಪರೀಕ್ಷೆ ಮಾರ್ಚಿನಲ್ಲಿ. ನಡುವೆ ಊರಿಗೆ ಬಂದರೆ ಯಾವ ಶಾಲೆಯವರೂ ಸೇರಿಸಿಕೊಳ್ಳುವುದಿಲ್ಲ, ಹುಡುಗಿಯ ಒಂದು ವರ್ಷ ಹೋಗುತ್ತದೆ. ಹೀಗಾಗಿ ನಮ್ಮ ಮನೆಯಲ್ಲಿ ಯಾವ ಮಾತು ಶುರುವಾದರೂ ಮಾರ್ಚಿಗೆ ಹೋಗಿ ನಿಲ್ಲುತ್ತಿತ್ತು. ಮಾರ್ಚ್ ತನಕ ಈ ಗಾಡಿಯೇ ಸಾಕು. ಮಾರ್ಚ್ ತನಕ ಯಾರ ಎದುರಿಗೂ ಬಾಯಿ ತೆಗೆಯುವುದು ಬೇಡ.

ಅಕ್ಟೋಬರಿನಲ್ಲಿ ಅವರ ಇಬ್ಬರು ಸಹಾಯಕರನ್ನು ಊರಿಗೆ ಕಳಿಸಿಬಿಟ್ಟರು. ಸರ್ವೇ ಯಂತ್ರ ಒಂದು ಕಡೆ ಮೂರು ಕಾಲಿನ ಮೇಲೆ ನಿಲ್ಲುತ್ತದೆ. ಅಳೆಯಬೇಕಾದ ಜಾಗದಲ್ಲಿ ಕನ್ನಡಿ ಕಟ್ಟಿದ ಕಂಬ ಹಿಡಿದು ಇನ್ನೊಬ್ಬರು ನಿಲ್ಲಬೇಕು. ಅದು ಒಬ್ಬರಿಂದ ಆಗುವ ಕೆಲಸವಲ್ಲ. ಆದರೆ ಕೆಲಸ ಮುಗಿಸಬೇಕಾದ ದಿನ ಮಾತ್ರ ಮೊದಲಿನದೇ ಇತ್ತು.

"ನೀ ಬರ್ತೀಯೇನು, ಗಿರಿಜಾ?" ಎಂದು ಒಂದು ಗುರುವಾರ ಸಂಜೆ ಕೇಳಿದರು.

"ನನಗೇನ್ ತಿಳೀತೈತ್ರಿ? ಪಿಯುಸಿ ನಪಾಸು."

"ಕಂಬಾನೂ ಪಿಯುಸಿ ಪಾಸ್ ಆಗಿಲ್ಲ. ಬಾ."

ನನ್ನದು ಗಂಡನ ಜೊತೆ ಇರಲು ಕೊಟ್ಟ ವೀಸಾ. ಅದರ ಮೇಲೆ ಕೆಲಸ ಮಾಡಿದರೆ ತಪ್ಪು, ಸಿಕ್ಕಿಬಿದ್ದರೆ ಇಬ್ಬರಿಗೂ ತಪ್ಪು. ಅದಕ್ಕೆ ನಾವು ಶುಕ್ರವಾರ, ಶನಿವಾರ ರಜೆಯ ದಿನ ಹೋಗುತ್ತಿದ್ದೆವು. ಗಾಡಿಯ ಮುಂದಿನ ಸೀಟಿನಲ್ಲಿ ಚಾಪೆ, ಥರ್ಮಾಸು, ರೊಟ್ಟಿಯ ಡಬ್ಬಿ. "ಯಾರರ ಕೇಳಿದ್ರ ಪಿಕ್ನಿಕ್ ಅನ್ನು," ಎಂದು ಹೇಳಿಕೊಟ್ಟಿದ್ದರು. ನಿಜ್ವಾ ದಾರಿಯಲ್ಲಿ ಪೊಲೀಸರದಂಥ ಬಿಳಿ ಗಾಡಿ ಹಿಂದಿನಿಂದ ಬಂದರೆ ನನ್ನ ಕೈ ತಾನಾಗಿ ಥರ್ಮಾಸಿನ ಮೇಲೆ ಹೋಗುತ್ತಿತ್ತು.

ಆ ಊರಿನ ಹೆಸರು ಬರೆಯುವುದಿಲ್ಲ. ಹೊಸ ರಸ್ತೆ ಹೋಗಬೇಕಾದ ದಾರಿಯಲ್ಲಿ ಅಲ್ಲೊಂದು ಕೋಟೆಯ ಅವಶೇಷವಿತ್ತು. ಕೋಟೆ ಎಂದರೆ ಹಿಂದೊಮ್ಮೆ ಆ ಸೀಮೆಯ ಶೇಖ್‌ಗಳ ಮನೆತನ ಇದ್ದ ಮಣ್ಣಿಟ್ಟಿಗೆಯ ದೊಡ್ಡ ಮನೆ. ಮಾಳಿಗೆ ಬಿದ್ದು, ಗೋಡೆ ಕರಗಿ, ಮಣ್ಣಿನ ದಿಬ್ಬಗಳಾಗಿದ್ದವು. ಒಂದು ಮೂಲೆಯ ದುಂಡು ಬುರುಜು ಮಾತ್ರ ಆಳೆತ್ತರ ನಿಂತಿತ್ತು. ಸುತ್ತ ಮನೆತನದ ಖರ್ಜೂರದ ತೋಟ. ಅರ್ಧ ಮರಗಳು ತಲೆ ಇಲ್ಲದೆ ಕಂಬಗಳಾಗಿದ್ದವು. ಉಳಿದರ್ಧಕ್ಕೆ ಬೆಟ್ಟದಿಂದ ಬರುವ ಫಲಜ್ ಕಾಲುವೆಯಲ್ಲಿ ಬೆರಳುದ್ದ ನೀರು ಹರಿಯುತ್ತಿತ್ತು. ಜನ ಎಲ್ಲ ಹೆದ್ದಾರಿಯ ಆಚೆ ಸಿಮೆಂಟಿನ ಮನೆಗಳಿಗೆ ಹೋಗಿ ವರ್ಷಗಳಾಗಿದ್ದವು.

ಆ ದಿಬ್ಬಗಳನ್ನು ಅಳೆಯಬೇಕೆಂದು ಹಟ ಹಿಡಿದವರು ಸ್ಕಾಟ್ಲೆಂಡಿನ ಒಬ್ಬ ವಯಸ್ಸಾದ ಇಂಜಿನಿಯರು. ರಸ್ತೆಯ ನಕ್ಷೆಯನ್ನು ಒಪ್ಪುವುದು ಬಿಡುವುದು ಅವರ ಕೈಯಲ್ಲಿತ್ತು. ಎಲ್ಲರೂ ಅವರನ್ನು ದೊಡ್ಡ ಸಾಹೇಬರು ಎನ್ನುತ್ತಿದ್ದರು. ಒಂದು ಶುಕ್ರವಾರ ಹೇಳದೆ ಕೇಳದೆ ಬಂದುಬಿಟ್ಟರು. ನಾನು ಬುರುಜಿನ ಪಕ್ಕ ಕಂಬ ಹಿಡಿದು ನಿಂತಿದ್ದೆ. ಅಡಗಿಕೊಳ್ಳಲು ಹೊತ್ತೂ ಇರಲಿಲ್ಲ. ಅವರು ನನ್ನನ್ನು ನೋಡಿದರು, ಕಂಬವನ್ನು ನೋಡಿದರು, ನೆರಳಲ್ಲಿ ಹಾಸಿದ್ದ ಚಾಪೆಯನ್ನು ನೋಡಿದರು. ಟೋಪಿ ತೆಗೆದು, ಪಿಕ್ನಿಕ್‌ಗೆ ಒಳ್ಳೆಯ ಹವೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಮ್ಮವರಿಗೆ ಆಗ ಉಸಿರು ಬಂತು.

ಅಂದು ಚಾಪೆಯ ಮೇಲೆ ಕುಳಿತು ಶೇಂಗಾ ಚಟ್ನಿಯ ಖಾರಕ್ಕೆ ಕಣ್ಣೀರು ಹಾಕುತ್ತ ಅವರು ಹೇಳಿದ್ದನ್ನು ನಮ್ಮವರು ನನಗೆ ಕನ್ನಡದಲ್ಲಿ ಹೇಳಿದರು. ಅವರ ತಾಯಿಯ ಊರಿನಲ್ಲಿ ಒಂದು ಕೋಟೆ, ಅದರ ಸುತ್ತ ದೊಡ್ಡ ಜಮೀನು ಇತ್ತಂತೆ. ಗೋಡೆ ಕಟ್ಟಿದ ತೋಟ, ಮೀನಿನ ಹೊಂಡ, ಆಳುಗಳ ಮನೆಗಳು. ಮನೆತನ ಅಳಿಯಿತು. ಕಲ್ಲು ಕಿತ್ತು ರಸ್ತೆಗೆ ಹಾಕಿದರು, ದನದ ಕೊಟ್ಟಿಗೆಗೆ ಹಾಕಿದರು. ಕೀಳುವ ಮೊದಲು ಯಾರೂ ಅಳೆದಿಡಲಿಲ್ಲ. ಈಗ ದನ ಮೇಯುವ ಬಯಲಿನಲ್ಲಿ ಒಂದು ಗೇಟಿನ ಕಂಬ ಉಳಿದಿದೆ. ಮಳೆ ಕಡಿಮೆಯಾದ ವರ್ಷ ಮಾತ್ರ, ಕೆಳಗೆ ಗೋಡೆ ಇರುವ ಕಡೆ ಹುಲ್ಲು ಮೊದಲು ಬಾಡಿ, ಇಡೀ ಕೋಟೆಯ ಗೆರೆ ಕೆಲವು ದಿನ ಮೇಲೆ ಕಾಣುತ್ತದೆ. ತಾಯಿ ಅದನ್ನು ನೋಡಲು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರಂತೆ. "ಇರೋದನ್ನೆಲ್ಲಾ ಬರಿ, ಮಣ್ಣಿನ ಕೆಳಗ ಇರೋದನ್ನೂ ಬರಿ ಅಂತಾರ," ಎಂದರು ನಮ್ಮವರು.

ನವೆಂಬರ್, ಡಿಸೆಂಬರ್ ಹಾಗೆ ಹೋಯಿತು. ಬೆಳಗಿನ ಚಳಿಗೆ ಕಂಬ ಹಿಡಿದ ಬೆರಳು ಜೋಮು ಹಿಡಿಯುತ್ತಿತ್ತು. ಕಂಬಕ್ಕೆ ಒಂದು ಗಾಜಿನ ಬಿಲ್ಲೆ, ಅದರೊಳಗೆ ನೀರು, ನೀರಿನಲ್ಲಿ ಒಂದು ಗುಳ್ಳೆ. ಗುಳ್ಳೆ ನಡುವಿನ ವೃತ್ತದಲ್ಲಿ ನಿಂತರೆ ಕಂಬ ನೆಟ್ಟಗಿದೆ ಎಂದರ್ಥ. ದೂರದಿಂದ ಅವರ ಕೂಗು ಬರುತ್ತಿತ್ತು: "ಗುಳ್ಳಿ ನಡಕ ತಾ!" ನಾನು ಉಸಿರು ಹಿಡಿದು ನಿಲ್ಲುತ್ತಿದ್ದೆ. "ಬಂತ್ರೀ!" ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೂ ನಾವು ಅಷ್ಟು ಮಾತಾಡಿರಲಿಲ್ಲ. ಮಾತೆಲ್ಲ ಗುಳ್ಳೆಯದೇ, ಆದರೂ.

ತೋಟ ನೋಡಿಕೊಳ್ಳುವ ಹಮೂದ್ ಎಂಬ ಹಿರಿಯರು ಅಲ್ಲಿಗೆ ದಿನಾ ಬರುತ್ತಿದ್ದರು. ಭಾರತೀಯರ ಜೊತೆ ಕೆಲಸ ಮಾಡಿ ಕಲಿತ ಮುರುಕು ಹಿಂದಿ. ನಮಗೆ ಖರ್ಜೂರ, ಏಲಕ್ಕಿ ಹಾಕಿದ ಕಹ್ವಾ ಕಾಫಿ ಕೊಡುತ್ತಿದ್ದರು. ನಮ್ಮ ರೊಟ್ಟಿಯನ್ನು ಮುರಿದು ಅದರ ಸದ್ದು ಕೇಳಿ ನಗುತ್ತಿದ್ದರು. ಅವರ ತಂದೆ ಕೋಟೆಯ ತೋಟಕ್ಕೆ ನೀರು ಹಂಚುವವರಾಗಿದ್ದರಂತೆ. ಬಯಲಿನಲ್ಲಿ ಒಂದು ಕೋಲು ನೆಟ್ಟು, ಅದರ ನೆರಳು ಯಾವ ಕಲ್ಲಿಗೆ ಮುಟ್ಟಿತು ಎಂದು ನೋಡಿ, ಯಾರ ಪಾಲಿನ ನೀರು ಯಾವಾಗ ಎಂದು ಹೇಳುತ್ತಿದ್ದರು. "ತುಮ್ ಭೀ ಲಕಡೀ ಪಕಡ್ತಾ," ಎಂದು ನನ್ನ ಕಂಬ ತೋರಿಸಿ ನಕ್ಕಿದ್ದರು.

ಡಿಸೆಂಬರಿನ ಕೊನೆಗೆ ದೊಡ್ಡ ಸಾಹೇಬರ ಕೆಲಸ ಹೋಯಿತು. ಅವರಂಥವರದೇ ಹೋಗುತ್ತದೆಂದು ಯಾರೂ ಎಣಿಸಿರಲಿಲ್ಲ. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಕೋಟೆಯ ಗೆರೆ ಯಾರಿಗೂ ಬೇಡವಾಯಿತು. ರಸ್ತೆಯ ವೆಚ್ಚ ಇಳಿಸಬೇಕೆಂದು ಕೋಟೆಯನ್ನು ಬಳಸಿ ಹೋಗುವ ತಿರುವು ತೆಗೆದು ನೇರ ಮಾಡಿದರು. ಹೊಸ ಗೆರೆ ಕೋಟೆಯ ಉತ್ತರದ ಇಳಿಜಾರಿನ ಮೇಲೆ ಬಂತು.

ಆ ಇಳಿಜಾರಿನಲ್ಲಿ ನಮಗೆ ಗುರುತಿನ ಬಿಂದುಗಳು ಬೇಕಿದ್ದವು. ಮೊದಲಾದರೆ ಸಿಮೆಂಟು ಹಾಕಿ ಕಬ್ಬಿಣದ ಮೊಳೆ ನೆಡುತ್ತಿದ್ದರು. ಈಗ ಸಿಮೆಂಟೂ ಇಲ್ಲ, ಆಳೂ ಇಲ್ಲ. ನಮ್ಮವರು ಯಂತ್ರ ನಿಲ್ಲಿಸುತ್ತ ಹೇಳಿದರು: "ಅಲುಗಾಡದ ಕಲ್ಲ ನೋಡಿ ಕೆಂಪು ಹೊಡ್ಕೊಂಡ ಬಾ."

ನಾನು ಬಣ್ಣದ ಡಬ್ಬಿ ಹಿಡಿದು ಹೋದೆ. ಇಳಿಜಾರಿನ ತುಂಬ ಕಲ್ಲುಗಳು. ಬಹಳಷ್ಟು ಸಡಿಲ. ಆದರೆ ನಡುನಡುವೆ ನೆಟ್ಟಗೆ ನಿಂತ ಮೊಣಕಾಲೆತ್ತರದ ಕಲ್ಲುಗಳಿದ್ದವು. ಕೆತ್ತನೆ ಇಲ್ಲ, ಅಕ್ಷರ ಇಲ್ಲ, ಬೆಟ್ಟದಿಂದ ತಂದು ಹೂತ ಹಾಗೆ. ನಾನು ಬೂಟಿನಿಂದ ಒದ್ದು ನೋಡಿದೆ. ಅಲುಗಾಡಲಿಲ್ಲ. ಸಂತೋಷವಾಯಿತು. ಒಂಬತ್ತು ಕಲ್ಲಿಗೆ ಕೆಂಪು ಗುರುತು ಹಾಕಿ ಬಂದೆ. "ಭಾಳ ಚಲೋ ಕಲ್ಲ ಹುಡುಕೀದಿ," ಎಂದರು ಅವರು.

ಮುಂದಿನ ಶುಕ್ರವಾರ ನಾವು ಹೋದಾಗ ಹಮೂದ್ ಇಳಿಜಾರಿನಲ್ಲಿ ನೆಲದ ಮೇಲೆ ಕುಳಿತಿದ್ದರು. ಕಹ್ವಾದ ಫ್ಲಾಸ್ಕು ಇರಲಿಲ್ಲ.

"ಕೌನ್ ಕಿಯಾ ಲಾಲ್?"

ನಮ್ಮವರು ನಾನೇ ಎನ್ನಲು ಬಾಯಿ ತೆಗೆದರು. ಅಷ್ಟರಲ್ಲಿ ನಾನು ಕೈ ಎತ್ತಿಬಿಟ್ಟಿದ್ದೆ, ಶಾಲೆಯ ಹುಡುಗಿಯ ಹಾಗೆ.

ಹಮೂದ್ ಕೂಗಾಡಲಿಲ್ಲ. ಎದ್ದು, ಒಂದೊಂದೇ ಕಲ್ಲಿನ ಬಳಿ ನಿಂತು ತೋರಿಸಿದರು. ತಲೆಯ ಕಡೆ ಒಂದು, ಕಾಲಿನ ಕಡೆ ಒಂದು, ಎರಡು ಕಲ್ಲು ಇದ್ದರೆ ಗಂಡಸು. ನಡುವೆ ಇನ್ನೊಂದು ಇದ್ದರೆ ಹೆಂಗಸು. ಕೋಟೆಯ ಶೇಖ್‌ಗಳೂ ಇಲ್ಲೇ, ಅವರ ಆಳುಗಳೂ ಇಲ್ಲೇ. ಹೆಸರು ಕೆತ್ತುವ ಪದ್ಧತಿ ಅವರಲ್ಲಿ ಇಲ್ಲ, ಸತ್ತ ಮೇಲೆ ದೊಡ್ಡವನಿಗೂ ಸಣ್ಣವನಿಗೂ ಒಂದೇ ಕಲ್ಲು. ಮೂರು ಕಲ್ಲಿನ ಒಂದು ಸಾಲಿನ ಮುಂದೆ ಅವರು ನಿಂತರು. ನಡುವಿನ ಕಲ್ಲಿನ ಮೇಲೆ ನನ್ನ ಕೆಂಪು ಗುರುತಿತ್ತು.

"ಯೇ ಮೇರಾ ಅಮ್ಮಾ."

ನಾನು ಒದ್ದು ನೋಡಿದ್ದ ಕಲ್ಲು ಅದು. ಎಡಗಾಲಿನಿಂದಲೋ ಬಲಗಾಲಿನಿಂದಲೋ ನೆನಪಿಲ್ಲ. ಇವತ್ತಿಗೂ ಅದನ್ನು ನೆನಪು ಮಾಡಿಕೊಳ್ಳಲು ನೋಡುತ್ತೇನೆ.

ಪೆಟ್ರೋಲು ತಂದೆ, ಬಟ್ಟೆ ತಂದೆ, ಮರಳು ಹಾಕಿ ಉಜ್ಜತೊಡಗಿದೆ. ಅಷ್ಟರಲ್ಲಿ ಹೆದ್ದಾರಿ ಕಡೆಯಿಂದ ಧೂಳೆಬ್ಬಿಸಿಕೊಂಡು ಬಿಳಿ ಪಿಕಪ್ ಬಂತು. ಹಮೂದರ ಅಣ್ಣನ ಮಕ್ಕಳಿಬ್ಬರು ಇಳಿದರು. ಒಬ್ಬ ನೇರ ಬಂದು ನೆಲಕ್ಕೊರಗಿಸಿದ್ದ ಕಂಬವನ್ನು ಎತ್ತಿಕೊಂಡ. ಇನ್ನೊಬ್ಬ ನಮ್ಮವರ ವೀಸಾ ಕಾರ್ಡು ಕೇಳಿದ, ಆಮೇಲೆ ನನ್ನದು. ಕಾರ್ಡು ಓದಿ ನನ್ನನ್ನೂ ಕಂಬವನ್ನೂ ನೋಡಿದ. ಅವನಿಗೆ ಎಲ್ಲ ತಿಳಿಯಿತು. ಫೋನು ಕೈಗೆ ತೆಗೆದುಕೊಂಡ. ಒಂದು ಫೋನು ಹೋದರೆ ಆಯಿತು. ಪೊಲೀಸರು, ಕಂಪನಿಯವರು, ವೀಸಾಕ್ಕೆ ಜಾಮೀನು ನಿಂತ ಕಫೀಲ್, ಮೂವತ್ತು ದಿನ. ಚಾಪೆ ಅಲ್ಲೇ ಹಾಸಿತ್ತು. ಪಿಕ್ನಿಕ್ ಎನ್ನುವ ಮಾತು ನನ್ನ ಬಾಯಿಗೆ ಬರಲಿಲ್ಲ.

ಹಮೂದ್ ನನ್ನ ಕೈಯ ಬಟ್ಟೆಯನ್ನು ನೋಡಿದರು. ಬೆರಳ ಸಂದಿಯಲ್ಲೆಲ್ಲ ಕೆಂಪು. "ಖಲಾಸ್," ಎಂದರು ಆ ಹುಡುಗರಿಗೆ. ಮತ್ತೆ ಅರಬಿಯಲ್ಲಿ ಏನೋ ಹೇಳಿದರು. ಫೋನು ಜೇಬಿಗೆ ಹೋಯಿತು, ಕಂಬ ನೆಲಕ್ಕೆ ಬಂತು.

ಮಧ್ಯಾಹ್ನದವರೆಗೆ ಉಜ್ಜಿದೆವು, ಇಬ್ಬರೂ ಮೊಣಕಾಲೂರಿ. ಮೇಲಿನ ಬಣ್ಣ ಹೋಯಿತು. ಕಲ್ಲಿನ ಗುಳಿಗಳಲ್ಲಿ ಹೊಕ್ಕಿದ್ದು ಹೋಗಲಿಲ್ಲ. ಹೊರಡುವಾಗ ಹಮೂದ್ ನಮ್ಮವರನ್ನು ಅರಬಿಯಲ್ಲಿ ಇಂಜಿನಿಯರ್ ಎಂದು ಕರೆದು ಕೇಳಿದರು: "ಮುಹಂದಿಸ್, ರಾಸ್ತಾ ಇದರ್ ಆತಾ?"

ಇವರು ಇಳಿಜಾರಿನ ಈ ತುದಿಯಿಂದ ಆ ತುದಿಗೆ ಕೈಯಿಂದ ಗೆರೆ ಎಳೆದು ತೋರಿಸಿದರು.

"ಲಿಖೋ," ಎಂದರು ಹಮೂದ್. "ಜೋ ಹೈ, ವೋ ಲಿಖೋ." ಬೇರೇನೂ ಕೇಳಲಿಲ್ಲ.

ದಾರಿಯಲ್ಲಿ ನಾನು, "ನನಗ ಗೊತ್ತಿರಲಿಲ್ಲರಿ," ಎಂದೆ.

"ನನಗೂ ಗೊತ್ತಿರಲಿಲ್ಲ. ನನಗ ಗೊತ್ತಿರಬೇಕಿತ್ತು," ಎಂದರು.

ಸೋಮವಾರ ಸಂಜೆ ವಲೇರಿಯನ್ ನಮ್ಮ ಮನೆಗೆ ಬಂದರು. ಉಡುಪಿ ಕಡೆಯ ಕೊಂಕಣಿಯವರು, ಸರ್ವೇ ವಿಭಾಗದ ಮ್ಯಾನೇಜರು. ಹದಿನೈದು ವರ್ಷದ ಪರಿಚಯ. ಗೋರಿಗಳ ವಿಷಯ ಇವರು ಭಾನುವಾರವೇ ಆಫೀಸಿನಲ್ಲಿ ಅವರಿಗೆ ಹೇಳಿದ್ದರು. ಅಕ್ಷತಾ ಒಳಕೋಣೆಯಲ್ಲಿ ಓದುತ್ತಿದ್ದಳು. ಬಾಗಿಲು ಅರ್ಧ ತೆರೆದಿತ್ತು.

"ಗಿರಿಜಕ್ಕ, ಚಾ ಬೇಡ, ಕೂತ್ಕೊಳ್ಳಿ. ನಿಮ್ಗೂ ಹೇಳುದು ಉಂಟು," ಎಂದು ನಮ್ಮವರ ಕಡೆ ತಿರುಗಿದರು. "ಶಿವಾನಂದ್, ನೀವು ಅದನ್ನು ಗೋರಿ ಅಂತ ಹಾಕಿದ್ರೆ ಎಂತ ಆಗ್ತದೆ ಗೊತ್ತುಂಟಲ್ಲ? ಸರ್ಕಾರದ ಪರ್ಮಿಷನ್ ಬೇಕು, ಊರವರನ್ನು ಕರೀಬೇಕು. ಕೆಲಸ ನಿಲ್ತದೆ. ಈ ಟೈಮಲ್ಲಿ ನಿಂತ ಕೆಲಸ ಮತ್ತೆ ಏಳ್ತದಾ? ಕಂಪನಿಯವರು ಒಂದು ನೆವ ಕಾಯ್ತಾ ಕೂತಿದ್ದಾರೆ, ಮಾರಾಯ್ರೆ."

"ಅವು ಗೋರಿನ ಅದಾವಲ್ಲ, ಸರ್."

"ನೀವು ಅಗೆದು ನೋಡಿದಿರಾ? ನೆಲದ ಮೇಲೆ ಕಾಣುದು ಕಲ್ಲು. ನಮ್ಮ ಲಿಸ್ಟಲ್ಲಿ 'ಬಿಡಿ ಕಲ್ಲು' ಅಂತ ಒಂದು ಕೋಡ್ ಉಂಟು. ಅದನ್ನು ಹಾಕಿ. ಆಮೇಲೆ ಬುಲ್ಡೋಜರಿನವ ನೋಡ್ತಾನೆ, ಊರವ್ರು ನೋಡ್ತಾರೆ, ಯಾರಾದ್ರೂ ನಿಲ್ಲಿಸ್ತಾರೆ. ನಾವೇ ಯಾಕೆ ನಿಲ್ಲಿಸ್ಬೇಕು?" ಅವರು ದನಿ ತಗ್ಗಿಸಿದರು. "ಮಾರ್ಚ್ ಅಂತ ನೀವೇ ಅಲ್ವಾ ಹೇಳುದು ಯಾವಾಗ್ಲೂ? ಭಾನುವಾರ ಡ್ರಾಯಿಂಗ್ ಕೊಡ್ಬೇಕು. ನಾನು ಬೇರೆ ಎಂತ ಹೇಳ್ಲಿ?"

ಒಳಗಿನಿಂದ ಅಕ್ಷತಾ, "ಪಪ್ಪಾ, ಈಸ್ ಎವೆರಿಥಿಂಗ್ ಓಕೆ?" ಎಂದಳು.

"ಓದವ್ವ ನೀನು," ಎಂದರು ಇವರು.

ವಲೇರಿಯನ್ ಕೆಟ್ಟವರಲ್ಲ. ಅವರ ಕಾಲಿನ ಕೆಳಗೂ ನೆಲ ಅಲುಗಾಡುತ್ತಿತ್ತು. ಅವರು ಹೋದ ಮೇಲೆ ನಮ್ಮವರು ನನ್ನ ಮುಖ ನೋಡಿದರು. ನನ್ನ ಉಗುರಿನ ಬುಡದಲ್ಲಿ ಕೆಂಪು ಇನ್ನೂ ಇತ್ತು. ಆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಾನು ಹೇಳಿದ ಮಾತು ಇದು: "ಕಲ್ಲು ಅಂತ ಬರೀರಿ."

ಯಾರಿಗೂ ಹೇಳದ ಅರ್ಧ ಎಂದೆನಲ್ಲ, ಅದು ಇದೇ. ಹಮೂದರ ತಾಯಿಯ ಕಲ್ಲನ್ನು ಮೊಣಕಾಲೂರಿ ಉಜ್ಜಿ ಮೂರು ದಿನವಷ್ಟೇ ಆಗಿತ್ತು.

ಅವರು ಆ ವಾರ ಪೂರ್ತಿ ಊಟಕ್ಕೆ ಕರೆದರೆ ಬಂದು ಉಂಡರು, ಅಷ್ಟೇ. ಗುರುವಾರ ಮಾತ್ರ, "ನಾಳೆ ಒಂದ್ ಸಲ ಹೋಗಿ ಬರೋಣ," ಎಂದರು.

"ಅಳತಿ ಮುಗದೈತಲ್ರೀ."

"ಇನ್ನೊಂದೀಟ ಐತಿ."

ಶುಕ್ರವಾರ ಇಳಿಜಾರಿನ ಕೆಳಗೆ ಯಂತ್ರ ನಿಲ್ಲಿಸಿದರು. ಪ್ರತಿ ಗೋರಿಯ ತಲೆಗಲ್ಲಿನ ಪಕ್ಕ, ಕಾಲುಗಲ್ಲಿನ ಪಕ್ಕ, ನಡುಗಲ್ಲು ಇದ್ದರೆ ಅದರ ಪಕ್ಕ ನನ್ನನ್ನು ನಿಲ್ಲಿಸಿದರು. ಕಲ್ಲಿಗೆ ಮುಟ್ಟಿಸಬೇಡ ಎಂದರು. ನಾನು ಅಂದು ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ನಡೆದೆ. ಏನು ಬರೆಯುತ್ತಿದ್ದಾರೆಂದು ಹೇಳಲಿಲ್ಲ. ನನಗೂ ಕೇಳುವ ಧೈರ್ಯವಿರಲಿಲ್ಲ. ಬೇಕೆಂದರೆ ಕಂಬ ಕೆಳಗಿಟ್ಟು ಗಾಡಿಯಲ್ಲಿ ಹೋಗಿ ಕೂರಬಹುದಿತ್ತು. ಕಂಬವಿಲ್ಲದೆ ಅವರ ಯಂತ್ರ ಏನೂ ಮಾಡಲಾರದು. ಎರಡು ಸಲ ಹಾಗೆ ಮಾಡಬೇಕೆನಿಸಿತು. ಅಕ್ಷತಾಳ ಅರ್ಧ ತೆರೆದ ಬಾಗಿಲು ಕಣ್ಣ ಮುಂದೆ ಬರುತ್ತಿತ್ತು.

ಮೇಲಿನ ಅಂಚಿನಲ್ಲಿ ಎರಡು ಸಣ್ಣ ಕಲ್ಲುಗಳಿದ್ದವು. ನಡುವೆ ಎರಡು ಅಡಿಯೂ ಇಲ್ಲ.

"ಇಲ್ಲಿ ಎರಡೂ ಭಾಳ ಹತ್ತರ ಅದಾವ್ರೀ," ಎಂದು ಕೂಗಿದೆ. ಕೂಗಿದ ಮೇಲೆ ತಿಳಿಯಿತು, ಅದು ಕೂಸಿನದು.

ಅಕ್ಷತಾಳಿಗಿಂತ ಮೊದಲು ನಮಗೊಬ್ಬ ಮಗ ಹುಟ್ಟಿದ್ದ. ಹನ್ನೊಂದು ದಿನ ಇದ್ದ. ನಮ್ಮಲ್ಲಿ ಹೂಳುತ್ತಾರೆ. ಭಾವನವರ ಹೊಲದ ಬದುವಿನಲ್ಲಿ ಹೂತು ಮೇಲೊಂದು ಕಲ್ಲಿಟ್ಟಿದ್ದರು. ಮೂರು ವರ್ಷಕ್ಕೆ ಅಲ್ಲಿ ಬೈಪಾಸ್ ರಸ್ತೆ ಬಂತು. ಬದುವು ಎಲ್ಲಿತ್ತು ಎನ್ನುವುದನ್ನು ಊರೂರು ಅಳೆಯುವ ಅವನ ಅಪ್ಪನಿಗೂ ಆಮೇಲೆ ಹುಡುಕಲು ಆಗಲಿಲ್ಲ.

"ಗುಳ್ಳಿ ನಡಕ ತಾ," ಎಂದು ಕೂಗಿದರು. ಗುಳ್ಳೆ ನಿಲ್ಲಲಿಲ್ಲ. ಮತ್ತೆ ಕೂಗಿದರು. ಆಮೇಲೆ ಯಂತ್ರ ಬಿಟ್ಟು ಮೇಲೆ ಹತ್ತಿ ಬಂದರು. ಆ ಎರಡು ಕಲ್ಲು ನೋಡಿದರು. ಕಂಬದ ಮೇಲೆ ನನ್ನ ಕೈಯ ಮೇಲೆ ಕೈ ಇಟ್ಟು ನೆಟ್ಟಗೆ ಹಿಡಿದರು.

"ನಮ್ಮ ಹುಡುಗನ ಕಲ್ಲ ಎಲ್ಲೈತಿ ಹೇಳು," ಎಂದರು. ಸಿಟ್ಟಿನಿಂದಲ್ಲ, ಕೇಳಿದ ಹಾಗೆ.

ಗುಳ್ಳೆ ನಡುವೆ ಬಂತು. ಅವರು ಇಳಿದು ಹೋಗಿ ಅಳತೆ ತೆಗೆದುಕೊಂಡರು.

ಭಾನುವಾರ ಕೊಟ್ಟ ನಕ್ಷೆಯಲ್ಲಿ ಕೋಟೆಯ ಗೋಡೆಗಳಿದ್ದವು, ಬುರುಜಿತ್ತು, ತೋಟದ ಸುತ್ತುಗೋಡೆ, ಫಲಜ್, ಹಮೂದರ ತಂದೆಯ ನೆರಳಿನ ಕೋಲಿದ್ದ ಜಾಗವೂ ಇತ್ತು. ಉತ್ತರದ ಇಳಿಜಾರಿನಲ್ಲಿ ಮೂವತ್ತೊಂದು ಗೋರಿಗಳು, ಗೋರಿ ಎಂದೇ ಬರೆದು. ಕೆಳಗೆ ಅವರ ಸಹಿ. ಹತ್ತು ದಿನಕ್ಕೆ ಅವರ ಕೈಗೆ ಕೆಲಸದಿಂದ ತೆಗೆದ ಕಾಗದ ಬಂತು.

"ನೀವು ನನ್ನನ್ನೂ ಮುಳುಗಿಸಿದಿರಿ," ಎಂದು ವಲೇರಿಯನ್ ಫೋನಿನಲ್ಲಿ ಬೈದರು. ನಾನು ಪಕ್ಕದಲ್ಲೇ ಇದ್ದೆ, ಎಲ್ಲ ಕೇಳುತ್ತಿತ್ತು. ಎರಡು ದಿನ ಬಿಟ್ಟು ಮತ್ತೆ ಮಾಡಿದರು, ಈ ಸಲ ನನಗೆ. "ಗಿರಿಜಕ್ಕ, ಹುಡುಗಿ ಪರೀಕ್ಷೆಗೆ ವಿಸಿಟ್ ವೀಸಾದಲ್ಲಿ ಬರ್ಲಿ, ಶಾಲೆಯಲ್ಲಿ ಹೆಸರು ಹೇಗೂ ಉಂಟಲ್ಲ. ಅಲ್ ಹೈಲ್‌ನಲ್ಲಿ ನಮ್ಮ ಮನೆಯಲ್ಲಿ ಇರ್ಲಿ. ನಮ್ಮ ಹೆಂಗಸು ಇದ್ದಾಳೆ, ಎಂತ ತೊಂದ್ರೆ ಇಲ್ಲ. ಮೀನು ತಿನ್ನುದಿಲ್ಲ ಅಷ್ಟೇ ಅಲ್ವಾ? ಮಾಡುದು ಬೇಡ, ಬಿಡಿ."

ಹಾಗೆಯೇ ಆಯಿತು. ಫೆಬ್ರವರಿಯಲ್ಲಿ ಮೂವರೂ ಗದಗಿಗೆ ಬಂದೆವು. ಮಾರ್ಚಿಗೆ ಅಕ್ಷತಾ ಒಬ್ಬಳೇ ಹೋಗಿ ಪರೀಕ್ಷೆ ಬರೆದು ಬಂದಳು. ಏಪ್ರಿಲಿನಲ್ಲಿ ವಲೇರಿಯನ್ ಕೆಲಸವೂ ಹೋಯಿತು. ಅದನ್ನು ತಿಳಿಸಲು ಫೋನು ಮಾಡಿದಾಗಲೇ ಇನ್ನೊಂದು ಸುದ್ದಿ ಹೇಳಿದರು. ರಸ್ತೆಯನ್ನೇ ಕೈಬಿಟ್ಟಿದ್ದರು. ದುಡ್ಡಿಲ್ಲ, ಇಡೀ ಯೋಜನೆ ಕಪಾಟಿಗೆ ಹೋಯಿತು.

ಎಂದರೆ ಅವರು ಕಲ್ಲು ಎಂದು ಬರೆದಿದ್ದರೂ ಅಲ್ಲಿ ಏನೂ ಆಗುತ್ತಿರಲಿಲ್ಲ.

ಈ ಮಾತನ್ನು ನಾನು ಎಷ್ಟು ಸಲ ಆಡಿದ್ದೇನೆಂದು ಲೆಕ್ಕವಿಲ್ಲ. ಊರಿನಲ್ಲಿ ಅವರು ಸೈಟು ಅಳೆಯುವ ಕೆಲಸ ಹಿಡಿದರು. ಬಿಸಿಲಿಗೆ ಬೈಕಿನ ಮೇಲೆ ತ್ರಿಪಾದ ಕಟ್ಟಿಕೊಂಡು ಹೋಗುವುದನ್ನು ಕಂಡಾಗ ಆಡಿದೆ. ಬೀಗರ ಎದುರಿಗೆ ನಗುನಗುತ್ತ ಆಡಿದೆ: "ನಮ್ಮವರು ಬಾರದ ರಸ್ತಾಕ್ಕ ನೌಕರಿ ಕಳಕೊಂಡು ಬಂದಾರ." ಅವರೂ ನಗುತ್ತಿದ್ದರು. ಒಮ್ಮೆ ಮಾತ್ರ, ಎಲ್ಲರೂ ಹೋದ ಮೇಲೆ, ಚಪ್ಪಲಿ ಬಿಡುತ್ತ ಹೇಳಿದರು: "ಕಾಗದದಾಗ ಐತೆಲ್ಲ, ಸಾಕು." ಕೋಟೆಯ ಗೆರೆ ಹಿಡಿದ ಆ ಸಾಹೇಬರ ಬಗ್ಗೆಯಾಗಲಿ, ಆ ಎರಡು ಸಣ್ಣ ಕಲ್ಲಿನ ಬಗ್ಗೆಯಾಗಲಿ ಮತ್ತೆ ಎಂದೂ ಎತ್ತಲಿಲ್ಲ. ನಾನು ಕಲ್ಲು ಎಂದು ಬರೆಯಲು ಹೇಳಿದ್ದನ್ನೂ ಎತ್ತಲಿಲ್ಲ. ಬಹಳ ವರ್ಷದ ಜಗಳದಲ್ಲಿ ಒಮ್ಮೆಯಾದರೂ ಎತ್ತಬಹುದಿತ್ತು.

ಓಣಿಯಲ್ಲಿ ಕೆಂಪು ಬಣ್ಣ ಹೊಡೆದ ಆ ವಾರ ಅಕ್ಷತಾ ಹುಬ್ಬಳ್ಳಿಯಿಂದ ಬಂದಳು. ಅಲ್ಲಿ ಶಾಲೆಯಲ್ಲಿ ಕಲಿಸುತ್ತಾಳೆ. ಆ ಊರನ್ನು ಫೋನಿನಲ್ಲಿ ಆಕಾಶದಿಂದ ನೋಡಿದಂತೆ ನೋಡಲು ಬರುತ್ತದೇನು ಎಂದು ಕೇಳಿದೆ. "ಯಾಕ ಮಮ್ಮಿ, ಈಗ?" ಎಂದಳು. ಆದರೂ ಹುಡುಕಿದಳು. ಹೆದ್ದಾರಿ ಸಿಕ್ಕಿತು, ತೋಟದ ಹಸಿರು ಚುಕ್ಕೆಗಳು ಸಿಕ್ಕವು, ಮೊದಲಿಗಿಂತ ಕಡಿಮೆ. ಬುರುಜು ಕಾಣಲಿಲ್ಲ. ಯಾವುದೋ ಮಳೆಗೆ ಬಿದ್ದಿರಬೇಕು. ಕೋಟೆ ಇದ್ದ ಕಡೆ ಬರೀ ಮಣ್ಣಿನ ಬಣ್ಣ.

ಆದರೆ ಹೊಸದೊಂದು ಕಪ್ಪು ಗೆರೆ ಇತ್ತು. ರಸ್ತೆ. ಯಾವಾಗ ಕಟ್ಟಿದರೋ, ಯಾರು ಕಟ್ಟಿದರೋ. ಹೆದ್ದಾರಿಯಿಂದ ಹೊರಟು ದಾರದ ಹಾಗೆ ನೇರ ಬಂದು, ಉತ್ತರದ ಇಳಿಜಾರಿನ ಹತ್ತಿರ ಬಾಗಿ ಹೊಳ್ಳಿ, ಇಳಿಜಾರನ್ನು ಪೂರ್ತಿ ಬಳಸಿ, ಮತ್ತೆ ನೇರ ಹೋಗಿತ್ತು.

"ಇಲ್ಲಿ ಯಾಕ ಕರ್ವ್ ಮಾಡ್ಯಾರ? ದೇರ್ ಇಸ್ ನಥಿಂಗ್ ದೇರ್," ಎಂದಳು ಅಕ್ಷತಾ.

ಅಲ್ಲಿ ಗುಡ್ಡವಿಲ್ಲ, ಹಳ್ಳವಿಲ್ಲ, ಮನೆಯಿಲ್ಲ. ನಾನು ಆ ನೆಲದಲ್ಲಿ ಬರಿಗಾಲಲ್ಲಿ ನಡೆದಿದ್ದೇನೆ, ನನಗೆ ಗೊತ್ತು. ಆ ನಕ್ಷೆಯೇ ಕಾರಣವೋ, ಹಮೂದರ ಮನೆಯವರು ಅಡ್ಡ ನಿಂತರೋ, ಗೊತ್ತಿಲ್ಲ. ಕೇಳಲು ಅಲ್ಲಿ ನನ್ನವರು ಯಾರೂ ಇಲ್ಲ. ಫೋನನ್ನು ಅವಳ ಕೈಗೆ ಕೊಟ್ಟೆ.

ಸೋಮವಾರ ಬೆಳಿಗ್ಗೆ ಬಿಲ್ವಪತ್ರಿ ತೆಗೆದುಕೊಂಡು ರುದ್ರಭೂಮಿಗೆ ಹೋದೆ. ಸಮಾಧಿಗೆ ಗ್ರಾನೈಟು ಹಾಕಿಸಿ, ಫೋಟೋ ಕೂಡಿಸೋಣವೆಂದು ಮೈದುನ ಅವಸರ ಮಾಡುತ್ತಿದ್ದಾನೆ. ಸದ್ಯಕ್ಕೆ ಬರೀ ಮಣ್ಣು. ಮಳೆಗೆ ಒಂದು ಕಡೆ ಸ್ವಲ್ಪ ಕುಸಿದಿತ್ತು. ಕೈಯಿಂದ ಮಣ್ಣು ಎಳೆದು ಸಮ ಮಾಡಿ, ಪತ್ರಿ ಇಟ್ಟೆ. ಸುತ್ತ ಯಾರೂ ಇರಲಿಲ್ಲ. ಇದ್ದಿದ್ದರೂ ಹೇಳುತ್ತಿದ್ದೆ.

"ರೀ," ಎಂದೆ, "ರಸ್ತಾ ಹೊಳ್ಳೇತ್ರೀ."